ಎಷ್ಟು ಬಂತು?

ನಮ್ಮ ಮನೆಯಲ್ಲಿ ಸುಮಾರು ಎರಡು ವರ್ಷ ಈ ಒಂದು ಪ್ರಶ್ನೆ ಓಡಾಡಿಕೊಂಡಿತ್ತು. ಮೂರು ತಿಂಗಳಿಗೊಮ್ಮೆ ದೊಡ್ಡಮ್ಮ ರಕ್ತ ಕೊಟ್ಟು ಬಂದ ದಿನ, ಸಂಜೆಯಾಗುತ್ತಿದ್ದ ಹಾಗೇ ತಿಪಟೂರಿನಿಂದ ಅಮ್ಮ, ಹಾಸನದಿಂದ ಚಿಕ್ಕಮ್ಮ, ಪುಣೆಯಿಂದ ದೊಡ್ಡಮ್ಮನ ಮಗ, ನನಗೆ ಅಣ್ಣ, ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ ಕೇಳುತ್ತಿದ್ದರು. ಎಷ್ಟು ಬಂತು? ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಕೇಳುವ ಹಾಗೆ. ಊಟ ಸೇರಿತಾ, ನಿದ್ದೆ ಬಂತಾ ಅಂತ ಕೇಳುವುದು ಆಮೇಲೆ. ಕೆಲವು ಸಲ ಅದನ್ನು ಯಾರೂ ಕೇಳುತ್ತಲೇ ಇರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಆ ಪರೀಕ್ಷೆಯ ಹೆಸರು ಸಿಎ-125. ಅಂಡಾಶಯದ ಕ್ಯಾನ್ಸರ್‌ಗೆ ಮಾಡುವ ರಕ್ತ ಪರೀಕ್ಷೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ಸರಿ, ಉಳಿದರ್ಧ ನನಗೆ ಅರ್ಥವಾಗಲು ನನ್ನದೇ ಒಂದು ರಿಪೋರ್ಟ್ ಬರಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾರದಾದರೂ ಮನೆಯಲ್ಲಿ ಇವತ್ತು ರಾತ್ರಿ ಇಂಥ ಒಂದು ರಿಪೋರ್ಟ್ ಮೊಬೈಲಿಗೆ ಬಂದು ಕೂತಿರಬಹುದು ಅಂತ ನೆನೆಸಿಕೊಂಡು ಬರೆಯುತ್ತಿದ್ದೇನೆ.

ದೊಡ್ಡಮ್ಮನಿಗೆ ಆಗ 62. ತಿಪಟೂರಿನ ಹತ್ತಿರ ತೋಟದ ಮನೆ. ಏಳೆಂಟು ತಿಂಗಳಿಂದ ಹೊಟ್ಟೆ ಉಬ್ಬರ ಅನ್ನುತ್ತಿದ್ದಳು. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿಹೋಗುತ್ತಿತ್ತು. ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳುತ್ತಿದ್ದಳು. ಇದಕ್ಕೆಲ್ಲ ನಮ್ಮ ಕಡೆ ಇರುವುದು ಒಂದೇ ಹೆಸರು, ಗ್ಯಾಸ್ಟ್ರಿಕ್. ಓಂಕಾಳು ಜಗಿದಳು, ಜೀರಿಗೆ ಕಷಾಯ ಕುಡಿದಳು, ಅಂಗಡಿಯಿಂದ ಗ್ಯಾಸ್ಟ್ರಿಕ್ ಮಾತ್ರೆ ತರಿಸಿಕೊಂಡು ನುಂಗಿದಳು. ತೋರಿಸಿದ ಡಾಕ್ಟರೂ ಅದನ್ನೇ ಬರೆದುಕೊಟ್ಟರು. ಒಂದು ದಿನ ಅಮ್ಮನಿಗೆ ಫೋನಿನಲ್ಲಿ, "ಉಣ್ಣೋದು ಕಡಿಮೆ ಆದ್ರೂ ಲಂಗದ ಲಾಡಿ ಬಿಗಿ ಆಗ್ತಾನೇ ಇದೆ ಕಣೇ" ಅಂದಳಂತೆ. ಆ ಮಾತು ಕೇಳಿ ಅಮ್ಮನಿಗೆ ಯಾಕೋ ಮನಸ್ಸು ತಡೆಯಲಿಲ್ಲ, ಮರುದಿನವೇ ಬಸ್ ಹತ್ತಿಸಿ ನನ್ನ ಹತ್ತಿರ ಬೆಂಗಳೂರಿಗೆ ಕರೆದುಕೊಂಡು ಬಂದಳು.

ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯೊಳಗೆ ನೀರು ತುಂಬಿದ್ದು ಕಂಡಿತು, ಎರಡೂ ಅಂಡಾಶಯದಲ್ಲಿ ಗಂಟು. ರಕ್ತದಲ್ಲಿ ಸಿಎ-125, 1,420.

ಅಮ್ಮ ರಿಪೋರ್ಟ್ ನೋಡಿ, "125 ಇರಬೇಕಾದದ್ದು 1,420 ಆಗಿದೆಯಾ?" ಅಂತ ಕೇಳಿದಳು. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಇನ್ನೊಬ್ಬರೂ ಹಾಗೇ ತಿಳಿದುಕೊಂಡಿದ್ದರು, 125ರ ಒಳಗಿದ್ದರೆ ಸರಿ ಅಂತ. ಹಾಗಲ್ಲ. 125 ಬರೀ ಹೆಸರಿನಲ್ಲಿರುವ ನಂಬರ್. ಅಮೆರಿಕದ ಬಾಸ್ಟನ್‌ನಲ್ಲಿ ರಾಬರ್ಟ್ ಬಾಸ್ಟ್ ಎಂಬ ಡಾಕ್ಟರ್ ಮತ್ತು ಅವರ ಜೊತೆಗಾರರು ಅಂಡಾಶಯದ ಕ್ಯಾನ್ಸರ್ ಕೋಶಗಳನ್ನು ಹಿಡಿದುಕೊಳ್ಳುವ ಪ್ರತಿಕಾಯವನ್ನು ಹುಡುಕುತ್ತಿದ್ದರು. ಒಂದೊಂದನ್ನೇ ಪರೀಕ್ಷಿಸುತ್ತಾ ಹೋಗಿ ಕೆಲಸಕ್ಕೆ ಬಂದದ್ದು 125ನೆಯದು. 1981ರಲ್ಲಿ ಅದನ್ನು ಪ್ರಕಟಿಸಿದರು. ಆ ಪ್ರತಿಕಾಯ ಹೋಗಿ ಅಂಟಿಕೊಳ್ಳುವ ವಸ್ತುವಿಗೇ ಸಿಎ-125 ಎಂಬ ಹೆಸರು ಉಳಿಯಿತು. ನಾರ್ಮಲ್ ಅಂತ ರಿಪೋರ್ಟಿನಲ್ಲಿ ಬರೆಯುವುದು ಒಂದು ಮಿಲಿಲೀಟರ್‌ಗೆ 35 ಯೂನಿಟ್‌ವರೆಗೆ. ಆ 35 ಕೂಡ ದೇವರು ಕೊಟ್ಟ ಗೆರೆ ಅಲ್ಲ. 1983ರಲ್ಲಿ ಅದೇ ತಂಡ 888 ಆರೋಗ್ಯವಂತರ ರಕ್ತವನ್ನೂ 101 ಅಂಡಾಶಯದ ಕ್ಯಾನ್ಸರ್ ರೋಗಿಗಳ ರಕ್ತವನ್ನೂ ನೋಡಿತು. 35ರ ಮೇಲೆ ಇದ್ದವರು ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರು, ರೋಗಿಗಳಲ್ಲಿ ನೂರಕ್ಕೆ 82. ಅಂದರೆ ಗೆರೆ ಎಳೆದ ದಿನವೇ ಎರಡೂ ಕಡೆ ತಪ್ಪಿಸಿಕೊಂಡವರು ಇದ್ದರು.

1,420 ಅಂತ ಕೇಳಿದ ಮೇಲೆ ನಮಗೆ ಇನ್ನು ಅನುಮಾನವೇ ಉಳಿದಿರಲಿಲ್ಲ. ಆದರೆ ಡಾಕ್ಟರಮ್ಮ, "ನಂಬರ್ ನೋಡಿ ಕ್ಯಾನ್ಸರ್ ಅಂತ ಬರೆಯೋಕೆ ಆಗಲ್ಲಮ್ಮ. ಹೊಟ್ಟೆಯ ಟಿಬಿಯಲ್ಲೂ ಹೀಗೇ ನೀರು ತುಂಬುತ್ತೆ, ಹೀಗೇ ಏರುತ್ತೆ" ಅಂದರು. ನನಗೆ ಅದು ಸುಮ್ನೆ ಸಮಾಧಾನದ ಮಾತು ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ನಮ್ಮ ದೇಶದಲ್ಲಿ ಇದು ತುಂಬಾ ಮುಖ್ಯವಾದ ಮಾತು. ಟಿಬಿ ಇರುವವರಿಗೆ ಕ್ಯಾನ್ಸರ್ ಅಂತಲೇ ತಿಳಿದು ದೊಡ್ಡ ಆಪರೇಷನ್‌ಗೆ ಒಯ್ದದ್ದೂ ಉಂಟು. ದೊಡ್ಡಮ್ಮನ ಹೊಟ್ಟೆಯ ನೀರು ತೆಗೆದು ನೋಡಿದರು, ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಹತ್ತು ದಿನ ಕಾದೆವು. ಕ್ಯಾನ್ಸರೇ ಆಗಿತ್ತು. ಮೂರು ಕೀಮೋ, ಆಮೇಲೆ ಆಪರೇಷನ್, ಮತ್ತೆ ಮೂರು ಕೀಮೋ.

ಕೀಮೋ ನಡೆಯುವಾಗ ಈ ನಂಬರ್ ನಿಜವಾಗಿಯೂ ನಮ್ಮ ಕೈ ಹಿಡಿಯಿತು. 1,420 ಇದ್ದದ್ದು 610 ಆಯಿತು, ಆಮೇಲೆ 190, ಆಮೇಲೆ 58. ಮೊದಲೇ ಏರಿದ್ದು ಔಷಧಿ ಕೊಟ್ಟ ಮೇಲೆ ಅರ್ಧಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತರೆ ಔಷಧಿ ಹಿಡಿಯುತ್ತಿದೆ ಅಂತ ಅರ್ಥ. ಈ ಪರೀಕ್ಷೆ ಚೆನ್ನಾಗಿ ಮಾಡುವ ಕೆಲಸ ಇದು. ಒಬ್ಬಳೇ ಮನುಷ್ಯಳ ಇವತ್ತಿನ ನಂಬರನ್ನು ಅವಳದೇ ಹೋದ ತಿಂಗಳ ನಂಬರಿನ ಪಕ್ಕ ಇಟ್ಟು ನೋಡುವುದು. ಆಪರೇಷನ್ ಆದ ಕೂಡಲೇ ನೋಡಲಿಲ್ಲ. ಹೊಟ್ಟೆ ಕೊಯ್ದರೆ ಒಳಗಿನ ಪೊರೆಗೆ ಗಾಯವಾಗುತ್ತದೆ, ಆ ಗಾಯಕ್ಕೇ ನಂಬರ್ ಏರಬಹುದು, ಕೆಲವು ವಾರ ಬಿಡಬೇಕು ಅಂದರು. ಎಲ್ಲ ಮುಗಿದಾಗ 11 ಬಂತು. ಅಣ್ಣ ಪುಣೆಯಲ್ಲಿ ಆಫೀಸಿನವರಿಗೆಲ್ಲ ಸಿಹಿ ಹಂಚಿದ.

ಒಳಗಿನ ಪೊರೆ ಅಂದೆನಲ್ಲ, ಅಲ್ಲಿಯೇ ಈ ಪರೀಕ್ಷೆಯ ಗುಟ್ಟು ಇರುವುದು. ಸಿಎ-125 ಒಂದು ದೊಡ್ಡ ಪ್ರೋಟೀನ್, ಲೋಳೆಯ ಜಾತಿಯದು. ಆರೋಗ್ಯವಾಗಿರುವ ಅಂಡಾಶಯ ಇದನ್ನು ಹೆಚ್ಚುಕಡಿಮೆ ತಯಾರಿಸುವುದೇ ಇಲ್ಲ. ತಯಾರಿಸುವುದು ಹೊಟ್ಟೆಯ ಒಳಗೋಡೆಯ ಪೊರೆ, ಶ್ವಾಸಕೋಶದ ಸುತ್ತಲಿನ ಪೊರೆ, ಹೃದಯದ ಸುತ್ತಲಿನ ಪೊರೆ, ಗರ್ಭಕೋಶದ ಒಳಪದರ, ಗರ್ಭನಾಳ. ಕಣ್ಣಿನ ಮೇಲ್ಪದರದಲ್ಲೂ ಇದೇ ಪ್ರೋಟೀನ್ ಇದೆ, ಕಣ್ಣು ಒಣಗದ ಹಾಗೆ ಕಾಯುವ ಕೆಲಸ ಅದರದು. ಹಾಗಾಗಿ ಈ ಪೊರೆಗಳಲ್ಲಿ ಎಲ್ಲಿ ಉರಿ, ಗಾಯ, ನೀರು ತುಂಬುವುದು ಆದರೂ ರಕ್ತದಲ್ಲಿ ಅದು ಜಾಸ್ತಿ ಕಾಣಿಸಬಹುದು. ಮುಟ್ಟಿನ ದಿನಗಳು, ಬಸಿರು, ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ, ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್, ಹೊಟ್ಟೆಯ ಸೋಂಕು, ಲಿವರ್ ಕೆಟ್ಟು ನೀರು ತುಂಬಿದ್ದು, ಹೃದಯ ಸೋತದ್ದು. ಅಂಡಾಶಯಕ್ಕೆ ಸಂಬಂಧವೇ ಇಲ್ಲದ ಬೇರೆ ಕ್ಯಾನ್ಸರ್‌ಗಳಲ್ಲೂ ಏರುತ್ತದೆ.

ಇದೆಲ್ಲ ಗೊತ್ತಿದ್ದರೆ ಆ ರಾತ್ರಿ ನಾನು ಅಷ್ಟು ಅಳುತ್ತಿರಲಿಲ್ಲ.

ದೊಡ್ಡಮ್ಮನ ಕೀಮೋ ಮುಗಿದು ಆರೇಳು ತಿಂಗಳಾಗಿತ್ತು. ನನಗೆ 41. ಒಂದು ಲ್ಯಾಬ್‌ನವರು ಹೆಂಗಸರಿಗೆ ಅಂತ ಪ್ಯಾಕೇಜ್ ಮಾಡಿದ್ದರು, ಥೈರಾಯ್ಡ್, ಸಕ್ಕರೆ, ವಿಟಮಿನ್, ಅದರ ಜೊತೆಗೆ ಕ್ಯಾನ್ಸರ್ ಪರೀಕ್ಷೆ. ಮನೆಯಲ್ಲಿ ಒಬ್ಬರಿಗೆ ಬಂದಿದೆ, ಮಾಡಿಸಿಬಿಡೋಣ ಅಂತ ಹೇಳಿಕಳಿಸಿದೆ. ಹುಡುಗ ಬೆಳಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ. ಯಾಕೆ ಮಾಡಿಸುತ್ತಿದ್ದೀರಿ, ಮುಟ್ಟಾಗಿ ಎಷ್ಟು ದಿನ ಆಯಿತು ಅಂತ ಯಾರೂ ಕೇಳಲಿಲ್ಲ. ರಾತ್ರಿ ಒಂಬತ್ತೂವರೆಗೆ ಮೊಬೈಲಿಗೆ ರಿಪೋರ್ಟ್ ಬಂತು. ಎಲ್ಲ ಕಪ್ಪು ಅಕ್ಷರ, ಒಂದೇ ಒಂದು ಸಾಲು ಕೆಂಪು. ಸಿಎ-125, 84.

ಎದೆ ಧಸಕ್ ಅಂದಿತು. ಮಗಳು ಹೋಮ್‌ವರ್ಕ್ ಮಾಡುತ್ತಾ ಕೂತಿದ್ದಳು. ಅವಳ ಮುಂದೆ ಅಳಬಾರದು ಅಂತ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಕೂತೆ. ದೊಡ್ಡಮ್ಮನ ಉದುರಿದ ಕೂದಲು, ಅವಳ ಕೈಯ ಮೇಲಿನ ಸೂಜಿ ಗುರುತು, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂತು. ಗಂಡನಿಗೆ ಹೇಳಿದ್ದು ಬೆಳಗಿನ ಜಾವ.

ಎರಡು ದಿನ ಬಿಟ್ಟು ಸ್ತ್ರೀರೋಗ ತಜ್ಞೆಯ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು, "ಇದನ್ನ ಯಾಕೆ ಮಾಡಿಸಿದ್ರಿ?" ಅಂತ. ಬೈದದ್ದಲ್ಲ, ನಿಜವಾಗಿಯೂ ಕೇಳಿದ್ದು. ಹೊಟ್ಟೆ ಉಬ್ಬರ ಇತ್ತಾ, ನೋವಿತ್ತಾ, ಸ್ಕ್ಯಾನಿಂಗ್‌ನಲ್ಲಿ ಏನಾದರೂ ಕಂಡಿತ್ತಾ? ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ಯಾಕೇಜ್‌ನಲ್ಲಿ ಇತ್ತು, ಅದಕ್ಕೆ. ಎರಡನೆಯ ಪ್ರಶ್ನೆ, "ರಕ್ತ ಕೊಟ್ಟ ದಿನ ಮುಟ್ಟಾಗಿದ್ರಾ?" ಆಗಿದ್ದೆ, ಮೂರನೆಯ ದಿನ. ಹದಿನೈದು ವರ್ಷದಿಂದ ಮುಟ್ಟಿನಲ್ಲಿ ಎರಡು ದಿನ ಎದ್ದೇಳಲಾಗದಷ್ಟು ನೋವು ಇದೆ ಅಂತಲೂ ಆಗಲೇ ಹೇಳಿದೆ, ಅದು ಹೇಳುವಂಥ ವಿಷಯ ಅಂತ ಅಲ್ಲಿಯವರೆಗೆ ಅನ್ನಿಸಿಯೇ ಇರಲಿಲ್ಲ. ಸ್ಕ್ಯಾನಿಂಗ್ ಮಾಡಿದರು. ಎಡಗಡೆ ಚಾಕೊಲೇಟ್ ಸಿಸ್ಟ್ ಇತ್ತು. ಎಂಡೊಮೆಟ್ರಿಯೋಸಿಸ್ ಇರುವವರಿಗೆ ಆಗುವ, ಹಳೆಯ ರಕ್ತ ತುಂಬಿದ ಗಂಟು.

ಆಗ ಅವರು ಒಂದು ಚೀಟಿಯ ಮೇಲೆ ಒಂದು ಗುಣಾಕಾರ ಬರೆದು ತೋರಿಸಿದರು. 1990ರಲ್ಲಿ ಇಂಗ್ಲೆಂಡಿನ ಡಾಕ್ಟರುಗಳು ಮಾಡಿದ ಲೆಕ್ಕ, ಇಂದಿಗೂ ಬಳಕೆಯಲ್ಲಿದೆ. ಸ್ಕ್ಯಾನಿಂಗ್‌ನಲ್ಲಿ ಅನುಮಾನ ಬರುವಂಥದ್ದು ಏನೂ ಇಲ್ಲದಿದ್ದರೆ ಸೊನ್ನೆ, ಒಂದು ಗುರುತು ಇದ್ದರೆ 1, ಎರಡು ಅಥವಾ ಜಾಸ್ತಿ ಇದ್ದರೆ 3. ಮುಟ್ಟು ಇನ್ನೂ ಆಗುತ್ತಿದ್ದರೆ 1, ನಿಂತಿದ್ದರೆ 3. ಈ ಎರಡನ್ನೂ ಸಿಎ-125ರ ನಂಬರಿನಿಂದ ಗುಣಿಸಬೇಕು. 200 ದಾಟಿದರೆ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುವ ಮಾತು. ನನ್ನ ಗಂಟಿನೊಳಗೆ ಅಡ್ಡಗೋಡೆ ಇತ್ತು, ಅದಕ್ಕೆ 1. ಮುಟ್ಟು ಇದೆ, 1. ಒಂದೊಂದ್ಲಿ ಒಂದು, ನನ್ನದು 84ಕ್ಕೇ ನಿಂತಿತು. ಮನೆಗೆ ಬಂದು ದೊಡ್ಡಮ್ಮನ ಹಳೆಯ ರಿಪೋರ್ಟ್ ತೆಗೆದು ಅದೇ ಲೆಕ್ಕ ಮಾಡಿದೆ. ಎರಡೂ ಕಡೆ ಗಂಟು, ಹೊಟ್ಟೆಯಲ್ಲಿ ನೀರು, 3. ಮುಟ್ಟು ನಿಂತಿದೆ, 3. ಗುಣಿಸಿದರೆ 12,780. ನನ್ನ ಅದೇ 84 ದೊಡ್ಡಮ್ಮನ ಮೈಯಲ್ಲಿ ಬಂದಿದ್ದರೆ 756 ಆಗುತ್ತಿತ್ತು. ಅದೇ ರಕ್ತ, ಅದೇ ನಂಬರ್, ಯಾರದು ಎಂಬುದರ ಮೇಲೆ ಅರ್ಥವೇ ಬೇರೆ. ಕೆಂಪು ಅಕ್ಷರ ಹಾಕುವ ಮಿಷನ್‌ಗೆ ನನ್ನ ವಯಸ್ಸು ಗೊತ್ತಿತ್ತು, ಇನ್ನೇನೂ ಗೊತ್ತಿರಲಿಲ್ಲ.

ಎರಡು ತಿಂಗಳು ಬಿಟ್ಟು ಮುಟ್ಟಿಲ್ಲದ ದಿನ ನೋಡಿ ಮತ್ತೆ ಮಾಡಿಸಿದಾಗ 52 ಬಂತು. ಸಿಸ್ಟ್ ಅಷ್ಟೇ ಇದೆ. ನೋವಿಗೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ, ಹದಿನೈದು ವರ್ಷ ಸುಮ್ಮನೆ ಯಾಕೆ ಸಹಿಸಿಕೊಂಡೆ ಅಂತ ಈಗ ಅನ್ನಿಸುತ್ತದೆ.

"ಭಯ ಆದ್ರೂ ಪರವಾಗಿಲ್ಲ, ಎಲ್ಲರೂ ವರ್ಷಕ್ಕೊಂದು ಸಲ ಮಾಡಿಸಿದರೆ ಮೊದಲೇ ಗೊತ್ತಾಗುತ್ತೆ ಅಲ್ವಾ?" ಇದನ್ನು ನನಗೆ ಎಷ್ಟು ಜನ ಕೇಳಿದ್ದಾರೋ. ನಾನೂ ಹಾಗೇ ನಂಬಿದ್ದೆ. ಆದರೆ ಇದನ್ನು ಜನ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಮೆರಿಕದಲ್ಲಿ 78,216 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷವರ್ಷವೂ ಸಿಎ-125 ಮತ್ತು ಸ್ಕ್ಯಾನಿಂಗ್ ಮಾಡಿದರು. 2011ರಲ್ಲಿ ಫಲಿತಾಂಶ ಬಂತು. ಈ ಕ್ಯಾನ್ಸರ್‌ನಿಂದ ಸತ್ತವರು ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಇಲ್ಲದೆಯೂ ಇದೆ ಎಂಬ ಅನುಮಾನ ಬಂದವರು 3,285. ಅವರಲ್ಲಿ 1,080 ಜನ ಆಪರೇಷನ್ ಟೇಬಲ್ ಮೇಲೆ ಮಲಗಿದರು, ನೂರಕ್ಕೆ 15ರಷ್ಟು ಜನಕ್ಕೆ ಅದರಿಂದ ದೊಡ್ಡ ತೊಂದರೆ ಆಯಿತು. ಏನೂ ಇಲ್ಲದವರು ಅವರು. ಆಮೇಲೆ ಬ್ರಿಟನ್‌ನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಹೆಂಗಸರ ಮೇಲೆ ಇನ್ನೂ ಎಚ್ಚರಿಕೆಯಿಂದ ನೋಡಿದರು, 35ರ ಗೆರೆ ಬಿಟ್ಟು ಪ್ರತಿಯೊಬ್ಬರ ನಂಬರ್ ವರ್ಷದಿಂದ ವರ್ಷಕ್ಕೆ ಹೇಗೆ ಏರುತ್ತದೆ ಅಂತ ನೋಡುವ ಲೆಕ್ಕ. ಹಾಗೆ ನೋಡಿದಾಗ ಮೊದಲ ಹಂತದಲ್ಲೇ ಕಂಡ ಕ್ಯಾನ್ಸರ್‌ಗಳು ಜಾಸ್ತಿಯಾದವು. ಆದರೂ 2021ರಲ್ಲಿ ಬಂದ ಕೊನೆಯ ಲೆಕ್ಕದಲ್ಲಿ ಸಾವು ಕಡಿಮೆಯಾಗಿರಲಿಲ್ಲ. ಇದನ್ನು ಓದಿದ ದಿನ ನನಗೆ ತುಂಬಾ ಬೇಜಾರಾಯಿತು. ಹೀಗೊಂದು ಪರೀಕ್ಷೆ ಇದ್ದಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವು. ಇಲ್ಲದ್ದನ್ನು ಇದೆ ಅಂತ ಪ್ಯಾಕೇಜ್ ಕಟ್ಟಿ ಮಾರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಕಡೆಯಿಂದಲೂ ಇದು ಕೈಕೊಡುತ್ತದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರ ಅತ್ತೆಗೆ ಹೊಟ್ಟೆ ಉಬ್ಬರ ಇತ್ತು, ಸಿಎ-125 ಬರೀ 22. ನಾರ್ಮಲ್ ಅಂತ ಮನೆಯವರು ನಿಟ್ಟುಸಿರು ಬಿಟ್ಟು ಮೂರು ತಿಂಗಳು ಸುಮ್ಮನಿದ್ದರು. ಅವರಿಗಿದ್ದದ್ದು ಲೋಳೆ ತುಂಬಿದ ಜಾತಿಯ ಅಂಡಾಶಯದ ಕ್ಯಾನ್ಸರ್. ಆ ಜಾತಿಯಲ್ಲಿ ಈ ನಂಬರ್ ಅನೇಕ ಸಲ ಏರುವುದೇ ಇಲ್ಲ. ಮೊದಲ ಹಂತದ ಕ್ಯಾನ್ಸರ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ನಾರ್ಮಲ್ ಆಗಿಯೇ ಇರುತ್ತದೆ. ಆದ್ದರಿಂದ ದಯವಿಟ್ಟು ಕೇಳಿ, ಹೊಸದಾಗಿ ಶುರುವಾದ ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುವುದು, ಇವು ಎರಡು ಮೂರು ವಾರವಾದರೂ ಬಿಡದೆ ದಿನಾ ಅನ್ನುವ ಹಾಗೆ ಕಾಡುತ್ತಿದ್ದರೆ, ಅದರಲ್ಲೂ ವಯಸ್ಸು 50 ದಾಟಿದ್ದರೆ, ನಂಬರ್ ಎಷ್ಟೇ ಬಂದಿರಲಿ, ಡಾಕ್ಟರ್ ಹತ್ತಿರ ಹೋಗಿ ಅಂಡಾಶಯದ ಸ್ಕ್ಯಾನಿಂಗ್ ಮಾಡಿಸಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ನಮ್ಮ ಅಮ್ಮಂದಿರು ಇದನ್ನು ಕೇಳುವುದಿಲ್ಲ. ಗ್ಯಾಸ್ಟ್ರಿಕ್ ಅಂತಲೇ ಹೇಳುತ್ತಾರೆ. ಮನೆಯಲ್ಲಿ ಇಬ್ಬರು ಮೂವರಿಗೆ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಬಂದಿದ್ದರೆ ದಾರಿ ಬೇರೆ, ಈ ಕ್ಯಾನ್ಸರ್‌ಗಳ ಅಪಾಯ ಮನೆತನದಲ್ಲಿ ಹರಿದು ಬಂದಿದೆಯಾ ಅಂತ ನೋಡುವ ಬಿಆರ್‌ಸಿಎ ಜೀನ್ ಪರೀಕ್ಷೆಯ ಬಗ್ಗೆ ಕೇಳಬೇಕು. ದೊಡ್ಡಮ್ಮನಿಗೆ ಅದನ್ನು ಮಾಡಿಸಿದ್ದರು, ದೋಷ ಕಾಣಲಿಲ್ಲ.

ಈಗ ಮತ್ತೆ ದೊಡ್ಡಮ್ಮನ ವಿಷಯ, ಕೀಮೋ ಮುಗಿದ ಎರಡನೆಯ ವರ್ಷದ್ದು. 11 ಇದ್ದದ್ದು ಒಮ್ಮೆ 21 ಅಂತ ಬಂತು, ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ನೋಡಿದರೆ ಆ ಸಲ ಬೇರೆ ಲ್ಯಾಬ್‌ನಲ್ಲಿ ಕೊಟ್ಟಿದ್ದೆವು. ಲ್ಯಾಬ್ ಬದಲಾದರೆ ಕಿಟ್ ಬದಲಾಗುತ್ತದೆ, ಅದೇ ರಕ್ತಕ್ಕೆ ಬೇರೆ ನಂಬರ್ ಬರಬಹುದು, ಹೋಲಿಸಬೇಕಾದರೆ ಒಂದೇ ಕಡೆ ಕೊಡಬೇಕು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಹಳೆಯ ಲ್ಯಾಬಿನಲ್ಲಿ ಮತ್ತೆ 13.

ಆದರೆ ಆಮೇಲೆ ಅದೇ ಲ್ಯಾಬಿನಲ್ಲಿ 24, 47. ಅಕ್ಟೋಬರ್‌ನಲ್ಲಿ 81, ವಾರ ಬಿಟ್ಟು ಮತ್ತೆ ನೋಡಿದರೆ 96. ನಾರ್ಮಲ್ ಗೆರೆಯ ಎರಡರಷ್ಟು, ಅಂದರೆ 70, ಅದನ್ನು ಎರಡು ಸಲ ದಾಟಿದರೆ ಕಾಯಿಲೆ ಮರಳಿ ಬಂದಿದೆ ಅಂತ ಲೆಕ್ಕ ಹಿಡಿಯುತ್ತಾರೆ. ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ದೊಡ್ಡಮ್ಮ ಮುದ್ದೆ ಉಣ್ಣುತ್ತಿದ್ದಳು, ತೋಟಕ್ಕೆ ಹೋಗಿ ಬರುತ್ತಿದ್ದಳು. ಡಾಕ್ಟರಮ್ಮ ಈಗಲೇ ಕೀಮೋ ಬೇಡ, ಕಾಯೋಣ ಅಂದರು. ಪುಣೆಯಿಂದ ಓಡಿಬಂದಿದ್ದ ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಏರ್ತಾ ಇದೆ ಅಂತ ಕಣ್ಣಿಗೇ ಕಾಣ್ತಿದೆ, ಸುಮ್ನೆ ಕೂರೋದಾ ಮೇಡಂ?" ಅಂದ. ನನಗೂ ಒಳಗೊಳಗೆ ಅದೇ ಪ್ರಶ್ನೆ ಇತ್ತು.

ಅವರು ಕೂರಿಸಿಕೊಂಡು ಹೇಳಿದರು. ಇದನ್ನೂ ನೋಡಿದ್ದಾರೆ, 2010ರಲ್ಲಿ ಪ್ರಕಟವಾಯಿತು. ಹೀಗೆ ನಂಬರ್ ಏರಿದ 529 ಹೆಂಗಸರಲ್ಲಿ ಅರ್ಧ ಜನಕ್ಕೆ ಕೂಡಲೇ ಕೀಮೋ ಶುರು ಮಾಡಿದರು, ಇನ್ನರ್ಧ ಜನಕ್ಕೆ ನಂಬರ್ ಹೇಳದೆ, ತೊಂದರೆ ಕಾಣಿಸಿಕೊಂಡ ಮೇಲೆ ಶುರು ಮಾಡಿದರು. ಮೊದಲ ಗುಂಪಿಗೆ ಸುಮಾರು ಐದು ತಿಂಗಳು ಮುಂಚೆಯೇ ಕೀಮೋ ಸಿಕ್ಕಿತು. ಬದುಕಿದ ಕಾಲ ಎರಡು ಗುಂಪಿಗೂ ಒಂದೇ. ಮುಂಚೆ ಶುರು ಮಾಡಿದವರ ದಿನಗಳು ಮುಂಚೆಯೇ ಕಷ್ಟಕ್ಕೆ ಬಿದ್ದವು, ಅಷ್ಟೇ. ಈಗ ಹೊಸ ಔಷಧಿಗಳು ಬಂದಿವೆ, ಎಲ್ಲರಿಗೂ ಇದೇ ಮಾತು ಹೊಂದುತ್ತದೆ ಅಂತಲ್ಲ, ಆದರೆ ಈ ಅಮ್ಮನಿಗೆ ಈ ಹೊತ್ತಿಗೆ ಅವಸರದಿಂದ ಲಾಭವಿಲ್ಲ ಅಂದರು.

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ದೊಡ್ಡಮ್ಮ, "ಹಂಗಾದ್ರೆ ನನಗೆ ನಂಬರ್ ಹೇಳಬೇಡಿ. ಇವರಿಗೂ ಹೇಳಬೇಡಿ. ಇವರ ಮುಖ ನೋಡಿದ್ರೆ ನನಗೆ ಗೊತ್ತಾಗಿಬಿಡುತ್ತೆ" ಅಂದಳು. ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಅಣ್ಣ ಕಿಟಕಿ ಕಡೆ ತಿರುಗಿಕೊಂಡ.

ಊರಿಗೆ ಹೋದಳು. ಡಿಸೆಂಬರ್, ಜನವರಿ, ಅವರೆಕಾಯಿ ಕಾಲ. ನಾನು ಸಂಕ್ರಾಂತಿಗೆ ಹೋದಾಗ ಜಗಲಿಯ ಮೇಲೆ ಅಕ್ಕಪಕ್ಕದವರನ್ನು ಕೂರಿಸಿಕೊಂಡು, ನೆನೆಸಿದ ಅವರೆಕಾಳನ್ನು ಒಂದೊಂದೇ ಹಿದುಕಿ ಬೇಳೆ ಬೋಗುಣಿಗೆ ಬೀಳಿಸುತ್ತಿದ್ದಳು. ಕೂದಲು ಗಿಡ್ಡ ಜಡೆ ಹಾಕುವಷ್ಟು ಬಂದಿತ್ತು, ಒಂದು ಮೊಳ ಕನಕಾಂಬರ ಮುಡಿದಿದ್ದಳು. ನನಗೂ ಒಂದು ಹಿಡಿ ಕಾಳು ಕೊಟ್ಟು, "ಮೊಬೈಲ್ ಆ ಕಡೆ ಇಟ್ಟು ಹಿದುಕು ಬಾ" ಅಂದಳು. ಆ ಕೀಮೋ ಅಕ್ಟೋಬರ್‌ನಲ್ಲೇ ಶುರುವಾಗಿದ್ದರೆ ಆ ಸಂಜೆ ಅವಳು ಅಲ್ಲಿ ಕೂರುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಅವಳೇ ಫೋನ್ ಮಾಡಿದಳು. "ಲಾಡಿ ಮತ್ತೆ ಬಿಗಿ ಆಗ್ತಿದೆ ಕಣೇ." ಈ ಸಲ ಓಂಕಾಳು ಹುಡುಕಲಿಲ್ಲ. ಮರುದಿನವೇ ಬಂದಳು, ಸ್ಕ್ಯಾನ್‌ನಲ್ಲಿ ಕಾಣಿಸಿತು, ಕೀಮೋ ಶುರುವಾಯಿತು. ಈಗ ನಾಲ್ಕು ಮುಗಿದಿದೆ. ನಂಬರ್ ಡಾಕ್ಟರಮ್ಮನ ಫೈಲಿನಲ್ಲಿ ಇದೆ, ಇಳಿಯುತ್ತಿದೆ ಅಂತ ಮಾತ್ರ ಹೇಳುತ್ತಾರೆ.

ನಿನ್ನೆ ಸಂಜೆ ಫೋನ್ ಮಾಡಿದಾಗ ಹಳೆಯ ಅಭ್ಯಾಸದಂತೆ ಬಾಯಿಗೆ "ಎಷ್ಟು" ಅಂತ ಬಂದುಬಿಟ್ಟಿತು. ಅವಳು ಮುಂದಿನ ಮಾತಿಗೆ ಕಾಯಲಿಲ್ಲ.

"ಒಂದು ಮುದ್ದೆ ಉಂಡೆ. ಬಸ್ಸಾರು ಚೆನ್ನಾಗಿತ್ತು, ಇನ್ನರ್ಧ ಹಾಕಿಸಿಕೊಂಡೆ."